ದಿಂಡನ್ನು ಹಳ್ಳಕ್ಕೆ ಎಸೆಯಬೇಡಿ



ನಂಜನಗೂಡು ಅಂದರೆ ರಸಬಾಳೆ ಅಂತ ಎಲ್ಲರೂ ಹೇಳುತ್ತಾರೆ. ಸೊರಗು ರೋಗ ಬಂದು ಅದು ಕಮ್ಮಿಯಾಗಿ, ನಮ್ಮೂರಲ್ಲಿ ಈಗ ಇರುವುದೆಲ್ಲ ಏಲಕ್ಕಿ ಬಾಳೆ. ಯಾವ ಬಾಳೆಯಾದರೂ ಒಂದು ಗಿಡ ಒಂದೇ ಸಲ ಗೊನೆ ಬಿಡುತ್ತದೆ. ಆಮೇಲೆ ಅದನ್ನು ಕಡಿದು ಹಳ್ಳಕ್ಕೆ ಉರುಳಿಸ್ತಾರೆ. ಅಲ್ಲಿ ಕೊಳೆತು ನಾರುತ್ತೆ. ತೋಟದಲ್ಲೇ ಬಿಟ್ಟರೆ ಕಾಂಡ ಕೊರೆಯುವ ಮೂತಿಹುಳು ಅದರಲ್ಲಿ ಮರಿ ಮಾಡಿ ಪಕ್ಕದ ಗಿಡಕ್ಕೆ ಹೋಗುತ್ತದೆ.

ಆ ಗಿಡದೊಳಗಿನ ಬಿಳಿ ದಿಂಡಿನಿಂದ ಸಂಡಿಗೆ ಮಾಡಿ ಮಾರಬೇಕು ಎಂಬುದು ನನ್ನ ಅಭಿಪ್ರಾಯ.

ಇದು ನಾನು ಕಂಡುಹಿಡಿದದ್ದಲ್ಲ, ನಮ್ಮಜ್ಜಿ ಮಾಡ್ತಾರೆ. ದಿಂಡನ್ನು ಬಿಲ್ಲೆ ಬಿಲ್ಲೆ ಕೊಯ್ದು, ನಾರನ್ನು ಬೆರಳಿಗೆ ಸುತ್ತಿ ತೆಗೆದು, ಸಣ್ಣಗೆ ಹೆಚ್ಚಿ ಮಜ್ಜಿಗೆ ನೀರಿಗೆ ಹಾಕಬೇಕು. ಇಲ್ಲದಿದ್ದರೆ ಕಪ್ಪಾಗುತ್ತೆ. ನೆನೆಸಿ ಹಿಂಡಿದ ಅರಳು, ಹಸಿಮೆಣಸಿನಕಾಯಿ, ಉಪ್ಪು, ಜೀರಿಗೆ, ಇಂಗು ಸೇರಿಸಿ, ಸಣ್ಣ ಸಣ್ಣ ಉಂಡೆ ಇಟ್ಟು ಬಿಸಿಲಲ್ಲಿ ಒಣಗಿಸಬೇಕು. ಇದನ್ನು ಕರಿದರೆ ಅಂಗಡಿ ಚಿಪ್ಸು ಯಾರಿಗೆ ಬೇಕು! ಗುಜರಾತಿನ ನವಸಾರಿ ಕೃಷಿ ವಿಶ್ವವಿದ್ಯಾಲಯದವರು ಇದೇ ದಿಂಡಿನಿಂದ ಮಿಠಾಯಿ ಮಾಡಿದ್ದಾರೆ.

ಕಳೆದ ಬೇಸಿಗೆಯಲ್ಲಿ ಅವ್ವ, ಅಜ್ಜಿ 20 ಪೊಟ್ಟಣ ಮಾಡಿ ಸಂತೆಗೆ ಒಯ್ದರು. ಒಂದಕ್ಕೆ 20 ರೂಪಾಯಿ. ಮಧ್ಯಾಹ್ನದೊಳಗೆ ಖಾಲಿ! ಅರಳು, ಮೆಣಸಿನಕಾಯಿ, ಕವರು ಎಲ್ಲಾ ಸೇರಿ 150 ರೂಪಾಯಿ ಖರ್ಚು, ಉಳಿದದ್ದು 250. ಅಪ್ಪ "ಪರವಾಗಿಲ್ವೇ" ಅಂದ್ರು. ಆದರೆ ಅದು ಇಬ್ಬರ ಮೂರು ದಿನದ ದುಡಿಮೆ. ಕೂಲಿಗೆ ಹೋಗಿದ್ದರೆ ಇನ್ನೂ ಹೆಚ್ಚು ಸಿಗುತ್ತಿತ್ತು. ಇದನ್ನು ನಾನು ಮುಚ್ಚಿಡುವುದಿಲ್ಲ. ಹೊತ್ತೆಲ್ಲ ಹೋಗುವುದು ನಾರು ತೆಗೆಯುವುದರಲ್ಲೇ. ಅದಕ್ಕೇ ಸಂಘದ ಹತ್ತು ಜನ ಒಟ್ಟಿಗೆ ಕೂರಬೇಕು. ಅರಳನ್ನು ಮೂಟೆ ಲೆಕ್ಕದಲ್ಲಿ ತರಬೇಕು. ಬೇಸಿಗೆಯಲ್ಲಿ ಕೂಲಿ ಸಿಗದ ದಿನ ಮಾಡಬೇಕು. ಬೆಲೆ ಕಟ್ಟುವಾಗ ಅವ್ವಂದಿರ ಕೂಲಿಯನ್ನೂ ಸೇರಿಸಬೇಕು. ಮನೆಯಲ್ಲಿ ಕೂತು ಮಾಡಿದ ಮಾತ್ರಕ್ಕೆ ಅದು ಪುಕ್ಕಟೆ ಕೆಲಸವೇ?

ಇನ್ನೊಂದು ಮಾತು. ಹುಳಕ್ಕೆ ಅಂತ ಬುಡಕ್ಕೆ ವಿಷದ ಹರಳು ಹಾಕಿದ ತೋಟದ ದಿಂಡು ಬೇಡವೇ ಬೇಡ. ಹಾಕಿದ್ದರೆ ತೋಟದವರೇ ಬಾಯಿಬಿಟ್ಟು ಹೇಳಬೇಕು. ತಿನ್ನುವವರು ನಮ್ಮಂಥ ಮಕ್ಕಳೇ ಅಲ್ಲವೇ?

ಹುಡುಗರೇ, ನಾರು ತೆಗೆಯುವುದು ಹೆಂಗಸರ ಕೆಲಸ ಅಂತ ನಗಬೇಡಿ. ಆ 20 ಪೊಟ್ಟಣದಲ್ಲಿ ಅರ್ಧ ದಿಂಡಿನ ನಾರು ತೆಗೆದವನು ನಾನೇ. ಭಾನುವಾರ ನಮ್ಮ ಮನೆ ಜಗಲಿಗೆ ಬನ್ನಿ, ತೋರಿಸ್ತೀನಿ.

– 7ನೇ ತರಗತಿ ವಿದ್ಯಾರ್ಥಿ