ಬೋರ್ ಗಾಡಿ ಬರುವ ಮೊದಲು ಕೇಳುವವರಾರು?

ಗದಗದಿಂದ ಕೊಪ್ಪಳದ ಕಡೆ ಹೊರಟ ಬಸ್ಸಿಗೆ ಹನ್ನೆರಡು ಕಿಲೋಮೀಟರ್ ದಾಟುವಷ್ಟರಲ್ಲಿ ಲಕ್ಕುಂಡಿ ಸಿಗುತ್ತದೆ. 101 ಗುಡಿ, 101 ಬಾವಿ ಎಂದು ಹೆಸರಾದ ಊರು. ಮುಸುಕಿನ ಬಾವಿ, ಕನ್ನೇರ ಬಾವಿ, ಛಬ್ಬೇರ ಬಾವಿ ಎಂದು ಬಾವಿಗಳಿಗೂ ಮನುಷ್ಯರಂತೆ ಹೆಸರುಂಟು. ಇಂಥ ಊರಿನಲ್ಲಿಯೂ ಈಗ ಮನೆ ಕಟ್ಟುವವನ ಮೊದಲ ಮಾತು, "ಬೋರ್ ಎಲ್ಲಿ ಹಾಕ್ಸೋಣ್ರಿ?"

"ಯಾರನ್ನ ಕೇಳಿ ಹಾಕ್ಸಬೇಕ್ರಿ?" ಎಂದು ಕೇಳುವವರು ಕಡಿಮೆ.

ಬೋರ್ ಹಾಕಿಸುವವನನ್ನು ಬೈದು ಫಲವಿಲ್ಲ. ಮನೆಯಲ್ಲಿ ಮಕ್ಕಳು, ಮುದುಕರು, ಒಂದೆರಡು ದನ ಇದ್ದವನಿಗೆ ನಳದ ದಾರಿ ಕಾಯುತ್ತ ಕೂಡ್ರಲು ಆಗುವುದಿಲ್ಲ. ಆದರೆ ಅವನ ಬೋರು ಅವನ ಜಾಗದಲ್ಲಿದ್ದರೂ ನೀರಿಗೆ ಜಾಗದ ಉತಾರ ಇಲ್ಲ. ಗಟ್ಟಿ ಬಂಡೆಯ ಸೀಮೆಯಲ್ಲಿ ನೀರು ಇರುವುದು ಮೇಲಿನ ಸಡಿಲ ಪದರಿನಲ್ಲಿ ಮತ್ತು ಕಲ್ಲಿನ ಬಿರುಕಿನಲ್ಲಿ. ಹಳೆಯ ಬಾವಿಗಳು ಬದುಕಿರುವುದು ಆ ಮೇಲಿನ ನೀರಿನ ಮೇಲೆ. ಮಗ್ಗುಲಲ್ಲೇ ಆಳದ ಬೋರ್ ಹಾಕಿ ಹಗಲು ರಾತ್ರಿ ಪಂಪು ಓಡಿಸಿದರೆ ಮೇಲಿನ ನೀರು ಕೆಳಗಿಳಿಯುತ್ತದೆ, ಬಾವಿ ತಳ ಕಾಣುತ್ತದೆ. ಆಮೇಲೆ ನೆರೆಮನೆಯವನೂ ಇನ್ನಷ್ಟು ಆಳಕ್ಕೆ ಬೋರ್ ಹಾಕಿಸುತ್ತಾನೆ.

ಕಾನೂನು ಇಲ್ಲವೆನ್ನುವಂತಿಲ್ಲ. ಕುಡಿಯುವ ನೀರಿನ ಮೂಲಗಳ ರಕ್ಷಣೆಗೆಂದು ರಾಜ್ಯದ 1999ರ ಕಾಯ್ದೆಯೇ ಇದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅಪ್ಪಣೆಯಿಲ್ಲದೆ ಬಾವಿ ತೋಡುವಂತಿಲ್ಲ. ಬೋರ್ ಹಾಕಿಸುವವರು 15 ದಿನ ಮೊದಲೇ ಅಧಿಕಾರಿಗಳಿಗೆ ಬರೆದು ತಿಳಿಸಬೇಕು, ಕೆಟ್ಟ ಬೋರನ್ನು ತುಂಬಿ ಮುಚ್ಚಬೇಕು ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷ ತಿದ್ದಿದ ಸ್ಮಾರಕ ಕಾಯ್ದೆಯಂತೆ ಕೇಂದ್ರದ ರಕ್ಷಣೆಯಲ್ಲಿರುವ ಗುಡಿಯ ಸುತ್ತ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರಿನಲ್ಲಿ ಕಟ್ಟಲು ಅಪ್ಪಣೆ ಬೇಕು. ಸಾರ್ವಜನಿಕ ನೀರಿನ ಕೆಲಸಕ್ಕೆ ಅದರಲ್ಲಿ ರಿಯಾಯಿತಿ ಬರೆದಿದೆ. ಖಾಸಗಿ ಬೋರಿಗೆ ಬರೆದಿಲ್ಲ.

ಕಾಗದ ಗಟ್ಟಿಯಾಗಿದೆ. ಆದರೆ ಒಂದು ಬೋರಿಗೆ ಎಷ್ಟು ಕಚೇರಿಯ ಮೆಟ್ಟಿಲು? ಇಲ್ಲಿ ಕೇಳಿದರೆ "ಅಲ್ಲಿ ಹೋಗ್ರಿ", ಅಲ್ಲಿ ಕೇಳಿದರೆ "ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ" ಎಂದಾದರೆ ಸಾಮಾನ್ಯ ಮನುಷ್ಯ ಏನು ಮಾಡಬೇಕು? ರಾತ್ರೋರಾತ್ರಿ ಗಾಡಿ ಕರೆಸುತ್ತಾನೆ. ಬೆಳಗಾಗುವಷ್ಟರಲ್ಲಿ ಕೇಸಿಂಗ್ ಇಳಿದಿರುತ್ತದೆ. ತಡ ಮಾಡುವ ಕಚೇರಿಯೇ ಕಳ್ಳಬೋರಿಗೆ ದಾರಿ ತೋರಿಸಿದಂತೆ.

ಲಕ್ಕುಂಡಿಯ ನೆಲದಲ್ಲಿರುವುದು ಬರೀ ನೀರಲ್ಲ. ಅತ್ತಿಮಬ್ಬೆ 1007ರಲ್ಲಿ ಬಸದಿ ಕಟ್ಟಿಸಿದ ಊರಿದು. 2026ರ ಜನವರಿಯಲ್ಲಿ ಮನೆಯ ಪಾಯ ಅಗೆಯುವಾಗ ಚಿನ್ನದ ಒಡವೆ ಸಿಕ್ಕವು, ಮನೆಯವರು ಪ್ರಾಮಾಣಿಕವಾಗಿ ಒಪ್ಪಿಸಿದರು. ಗುದ್ದಲಿ ಹಿಡಿದವನಿಗೆ ಏನು ಸಿಕ್ಕಿತೆಂದು ಕಾಣುತ್ತದೆ. ಬೋರಿನ ಬಿಟ್ಟು ಕಲ್ಲು, ಶಾಸನ, ಕೊಡ ಎಲ್ಲವನ್ನೂ ಒಂದೇ ಹಿಟ್ಟು ಮಾಡಿ ಮೇಲೆ ಕಳಿಸುತ್ತದೆ.

ಸ್ವೀಡನ್ ದೇಶದಲ್ಲಿ ಚಳಿಗೆ ಮನೆ ಬೆಚ್ಚಗಿಡಲು ನೆಲದಡಿಯ ಶಾಖ ಎಳೆದುಕೊಳ್ಳಲೆಂದು ಬೋರ್ ಹಾಕಿಸುತ್ತಾರೆ. ಒಂದು ಕೊಡ ನೀರನ್ನೂ ಎತ್ತುವ ಉದ್ದೇಶ ಇಲ್ಲ. ಆದರೂ ಮೊದಲು ಸ್ಥಳೀಯ ಆಡಳಿತಕ್ಕೆ ತಿಳಿಸಬೇಕು. ಕುಡಿಯುವ ನೀರಿನ ಮೂಲ ಕೆಡಬಾರದೆಂಬುದು ಅವರ ಕಾಳಜಿ. ಬರೀ ಶಾಖಕ್ಕೆ ಇಷ್ಟು ಕೇಳುವವರಿದ್ದಾರೆ. ಇಲ್ಲಿ ನೀರೇ ಎತ್ತುವಾಗ ಕೇಳಬಾರದೆ?

ಕೇಳುವ ಜಾಗ ಒಂದೇ ಇರಲಿ, ಅದು ಗ್ರಾಮ ಪಂಚಾಯತಿಯ ಕಟ್ಟೆಯೇ ಆಗಲಿ. ಗುಡಿ, ಬಾವಿ, ಕುಡಿಯುವ ನೀರಿನ ಬೋರು ಎಲ್ಲವನ್ನೂ ಗುರುತು ಮಾಡಿದ ಊರಿನ ನಕಾಶೆಯೊಂದು ಗೋಡೆಗೆ ತೂಗಲಿ. ಅರ್ಜಿ ಬಂದೊಡನೆ ಫಲಕಕ್ಕೆ ಅಂಟಿಸಲಿ, ಅಕ್ಕಪಕ್ಕದವರು ತಕರಾರಿದ್ದರೆ ಹೇಳಲಿ. ಬೇರೆ ಇಲಾಖೆಗಳ ಒಪ್ಪಿಗೆಯನ್ನು ಪಂಚಾಯತಿಯೇ ತರಿಸಲಿ. 15 ದಿನದಲ್ಲಿ ಹೌದೋ ಅಲ್ಲವೋ ಬರೆದು ಕೊಡಲಿ. ಅಲ್ಲವೆಂದರೆ ಆ ಮನೆಗೆ ನೀರು ಎಲ್ಲಿಂದ ಎಂಬುದನ್ನೂ ಪಂಚಾಯತಿಯೇ ಹೇಳಲಿ. ಪರವಾನಗಿ ಚೀಟಿ ನೋಡದೆ ಗಾಡಿ ಊರೊಳಗೆ ಬರಬಾರದು.

ನೀರು ಬೀಳದ ಬೋರಿನ ಲೆಕ್ಕವೂ ಬೇಕು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಬೋರಿಗೆ ಬಿದ್ದ ಕೂಸು ಪುಣ್ಯಕ್ಕೆ ಬದುಕಿ ಬಂತು. ಪ್ರತಿಸಲ ಪುಣ್ಯ ಕೈಹಿಡಿಯುವುದಿಲ್ಲ.

ಸಾವಿರ ವರ್ಷ ಬಾಳಿದ ಬಾವಿಗೆ ಒಂದು ರಾತ್ರಿಯ ಬೋರು ಸಾಕು. ಸಂಬಂಧಪಟ್ಟವರು ಬೇಸಿಗೆ ಬರುವುದರೊಳಗೆ ಇತ್ತ ಗಮನ ಹರಿಸುವರೇ?