ನೂರರಿಂದ ಗುಣಿಸಿದಿರಾ?

ಮಕ್ಕಳೇ, ಕಳೆದ ತಿಂಗಳು ನಮ್ಮ ಮನೆಯಲ್ಲಿ 42 ಎಂಬ ಅಂಕಿ ದೊಡ್ಡ ಗಲಾಟೆ ಮಾಡಿತು.

ನಮ್ಮ ಹಿತ್ತಿಲ ಗೋಡೆಯಾಚೆ ಹಿಂದೆ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡು ಇತ್ತು. ಶೆಡ್ಡು ಹೋಯಿತು. ಆದರೆ ಮಣ್ಣಿಗೆ ಬಿದ್ದ ಸೀಸ ತಾನಾಗಿ ಹೋಗುವುದಿಲ್ಲ. ಮಣ್ಣಿನಲ್ಲಿ ಆಡಿ ಬೆರಳು ಬಾಯಿಗಿಡುವ ಮಕ್ಕಳ ಮಿದುಳಿಗೆ ಅದು ಕೇಡು. ನನ್ನ ತಮ್ಮನ ಮಗಳು ಲ್ಯಾಬಿನಲ್ಲಿದ್ದಾಳೆ. ಅವಳಿಗೆ ಮಣ್ಣು ಕೊಟ್ಟು, ವರದಿ ಸಿದ್ಧವಾಗುವ ಮೊದಲೇ ಕಾಡಿ ಕಾಡಿ ಅಂಕಿಗಳ ಹಾಳೆ ತರಿಸಿಕೊಂಡೆ.

"ತಾತ, ಸೀಸ ಬರೀ 42!" ಎಂದು ಮೊಮ್ಮಗ ಕುಣಿದ. ಅಮೆರಿಕದ ಪರಿಸರ ಸಂಸ್ಥೆ ಮನೆಯಂಗಳದ ಮಣ್ಣಿಗೆ 400 ಇದ್ದ ಎಚ್ಚರಿಕೆಯ ಗೆರೆಯನ್ನು 2024ರಲ್ಲಿ 200ಕ್ಕೆ ಇಳಿಸಿದ್ದು ಅವನಿಗೆ ಗೊತ್ತಿತ್ತು. ಅಜ್ಜಿ ಆಗಲೇ ದಂಟಿನ ಸೊಪ್ಪು ಕೀಳಲು ಹೊರಟಳು.

ಬ್ಯಾಂಕಿನ ಲೆಡ್ಜರ್ ನೋಡಿ ಮುದುಕನಾದವನು ನಾನು. ಪಕ್ಕದ ಕಾಲಂ ನೋಡದೆ ಏಳುವ ಅಭ್ಯಾಸವಿಲ್ಲ. ಅಲ್ಲಿ 100 ಎಂದಿತ್ತು. ಫೋನ್ ಮಾಡಿದೆ.

"ದೊಡ್ಡಪ್ಪ, 42 ಯಂತ್ರದ ಅಂಕಿ, ಮಣ್ಣಿನದ್ದಲ್ಲ. ನೂರರಿಂದ ಗುಣಿಸಿದಿರಾ?"

ಮಾರನೇ ದಿನ ಇಬ್ಬರೂ ಅವಳ ಲ್ಯಾಬಿಗೆ ಹೋದೆವು. ಒಣಗಿಸಿ ಜರಡಿ ಹಿಡಿದ ಅರ್ಧ ಗ್ರಾಂ ಮಣ್ಣನ್ನು ನೈಟ್ರಿಕ್ ಆಮ್ಲದಲ್ಲಿ ಕಾಯಿಸುತ್ತಾರೆ. ಸೀಸ ಆಮ್ಲಕ್ಕಿಳಿಯುತ್ತದೆ. ಅದನ್ನು 50 ಮಿಲಿಲೀಟರ್ ದ್ರಾವಣ ಮಾಡುತ್ತಾರೆ. ಯಂತ್ರದೊಳಗೆ ಸೂರ್ಯನ ಹೊರಮೈಗಿಂತ ಬಿಸಿಯಾದ ಆರ್ಗಾನ್ ಉರಿ. ಯಂತ್ರಕ್ಕೆ ಮೊದಲು ಗೊತ್ತಿರುವ ದ್ರಾವಣಗಳನ್ನು ಕುಡಿಸಿ ಪಾಠ ಹೇಳುತ್ತಾರೆ: ಇದು ಲೀಟರಿಗೆ 10 ಮೈಕ್ರೋಗ್ರಾಂ, ಇದು 50, ಇದು 100. ಅದಕ್ಕಿಂತ ಗಟ್ಟಿಯಾದದ್ದು ಹೋದರೆ ಅದರ ಮಾತು ನಂಬುವ ಹಾಗಿಲ್ಲ. ಮಣ್ಣಿನ ಉಪ್ಪುಗಳೂ ಅದರ ಬಾಯಿ ಕಟ್ಟಿಸುತ್ತವೆ. ಅದಕ್ಕೇ ತೆಳು ಮಾಡುವುದು.

ಒಂದು ಕಟ್ಟು ನೋಟು ಎಣಿಸಿ ನೂರು ಕಟ್ಟಿಗೆ ಲೆಕ್ಕ ಹೇಳಿದ ಹಾಗೆ. (ಬ್ಯಾಂಕಿನಲ್ಲಿ ಹೀಗೆ ಮಾಡಿದ್ದರೆ ಸಂಜೆಗೇ ಮನೆಗೆ ಕಳಿಸುತ್ತಿದ್ದರು!) ದ್ರಾವಣದಲ್ಲಿ ಇದು ನಡೆಯುತ್ತದೆ, ಚೆನ್ನಾಗಿ ಬೆರೆತಿದ್ದರೆ ಪ್ರತಿ ಹನಿಯೂ ಒಂದೇ.

ಮೊಮ್ಮಗನ ಕೈಗೆ ಬರೀ ನೀರು ಕೊಟ್ಟು ಅಭ್ಯಾಸ ಮಾಡಿಸಿದಳು. ಅವನು 1 ಮಿಲಿಗೆ 100 ಮಿಲಿ ಸೇರಿಸಲು ಹೊರಟ. "101 ಆಗುತ್ತೆ ಕಣೋ! ಫ್ಲಾಸ್ಕಿನ ಕತ್ತಿನ ಗೆರೆವರೆಗೆ ಮಾತ್ರ." ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ಹನಿ ಹನಿ ಬಿಡಬೇಕು. ಗೆರೆ ದಾಟಿದರೆ ತೆಗೆದು ಸರಿಮಾಡುವಂತಿಲ್ಲ, ಚೆಲ್ಲಿ ಮೊದಲಿಂದ ಶುರು. ಅವನು ಮೂರು ಸಲ ಚೆಲ್ಲಿದ. ನಿಜವಾದ ಕೆಲಸಕ್ಕೆ ಬರೀ ನೀರಲ್ಲ, ಸ್ವಲ್ಪ ಆಮ್ಲ ಬೆರೆಸಿದ ಶುದ್ಧ ನೀರು. ಇಲ್ಲದಿದ್ದರೆ ಸೀಸ ಪಾತ್ರೆಯ ಗೋಡೆಗೆ ಅಂಟೀತು. ಮಣ್ಣೇ ಹಾಕದ ಒಂದು ಖಾಲಿ ಮಾದರಿಯನ್ನೂ ಜೊತೆಗೆ ಓಡಿಸುತ್ತಾರೆ. ಆಮ್ಲದಲ್ಲೋ ಪಾತ್ರೆಯಲ್ಲೋ ಸೀಸವಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ.

ಆಮೇಲೆ ಮೊಮ್ಮಗನೇ ಲೆಕ್ಕ ಹಾಕಿದ. ತೆಳು ಮಾಡಿದ್ದಕ್ಕೆ 42ನ್ನು ನೂರರಿಂದ ಗುಣಿಸಿದರೆ 4,200. ಅರ್ಧ ಗ್ರಾಂ 50 ಮಿಲಿ ಆಗಿದ್ದಕ್ಕೆ ಮತ್ತೆ ನೂರರಿಂದ: 4,20,000 ಮೈಕ್ರೋಗ್ರಾಂ. ಅಂದರೆ ಕಿಲೋ ಮಣ್ಣಿಗೆ 420 ಮಿಲಿಗ್ರಾಂ. 1 ಮಿಲಿ ಬದಲು 0.9 ತೆಗೆದಿದ್ದರೂ ಇದು 378 ಎಂದು ಕಾಣುತ್ತಿತ್ತು!

ಹುಡುಗ ಸುಮ್ಮನಾದ. ನಾನೂ.

ಈಗ ಹಿತ್ತಿಲಿಗೆ ಕಲ್ಲುಚಪ್ಪಡಿ ಹಾಸಿದ್ದೇವೆ. ದಂಟು ಬೇರೆ ಮಣ್ಣಿನ ಕುಂಡಕ್ಕೆ ಬಂದಿದೆ. ಮೊಮ್ಮಗನ ರಕ್ತದಲ್ಲಿ ಸೀಸ ನೋಡಿಸಲು ಮಂಗಳವಾರ ಹೋಗಬೇಕು.

"ತಾತ, ರಕ್ತಾನೂ ತೆಳು ಮಾಡ್ತಾರಾ?"

"ಮಾಡ್ತಾರೆ."

"ಹಾಗಾದ್ರೆ ಪಕ್ಕದ ಕಾಲಂ ನಾನೇ ನೋಡ್ತೀನಿ" ಎಂದ.