ಧೈರ್ಯದ ಕಂದಾಯ

ಸ್ತನದ ಕ್ಯಾನ್ಸರಿಗೆ ಕೀಮೋ ಚಿಕಿತ್ಸೆ ಪಡೆಯುತ್ತಿರುವ ಹೆಂಗಸನ್ನು ನೋಡಲು ಹೋಗುವ ನಮ್ಮ ಜನ ಎರಡು ಕಾಣಿಕೆಗಳನ್ನು ಒಯ್ಯುತ್ತಾರೆ: ಅರ್ಧ ಡಜನ್ ಮೂಸಂಬಿ, ಒಂದು ಉಪದೇಶ. "ಮನಸ್ಸು ಗಟ್ಟಿ ಮಾಡಿಕೊಳ್ಳಿ ತಾಯಿ, ಅರ್ಧ ಕಾಯಿಲೆ ಅಲ್ಲಿಗೇ ವಾಸಿ" ಎಂದು ಹೇಳಿ, ಕಾಫಿ ಕುಡಿದು ಎದ್ದು ಬರುತ್ತಾರೆ. ಎಷ್ಟೋ ಮನೆಗಳಲ್ಲಿ ಆ ಕಾಫಿಯನ್ನು ರೋಗಿಯೇ ಎದ್ದು ಮಾಡಿರುತ್ತಾಳೆಂಬುದು ಬೇರೆ ಮಾತು.

ಮೂಸಂಬಿಯ ಮೇಲೆ ನನ್ನ ಆಕ್ಷೇಪವಿಲ್ಲ. ಉಪದೇಶದ ಮೇಲಿದೆ. ಅರ್ಧ ಕಾಯಿಲೆ ಮನಸ್ಸಿನಿಂದಲೇ ವಾಸಿಯಾಗುವುದಾದರೆ, ವಾಸಿಯಾಗದವಳ ಮನಸ್ಸೇ ಸಡಿಲವಾಗಿತ್ತೆಂದು ಅರ್ಥವಾಗಲಿಲ್ಲವೆ? ರೋಗ ಮರುಕಳಿಸಿದರೆ ಆ ಅಪವಾದವನ್ನೂ ಅವಳೇ ಹೊರಬೇಕೆ?

ಈ ನಂಬಿಕೆಗೆ ಒಮ್ಮೆ ವಿಜ್ಞಾನದ ಮುದ್ರೆಯೂ ಬಿದ್ದಿತ್ತು. 1979ರಲ್ಲಿ ಲಂಡನ್ನಿನ ಮನೋವೈದ್ಯ ಸ್ಟೀವನ್ ಗ್ರೀರ್ ಮತ್ತು ಸಂಗಡಿಗರು, ಸ್ತನದ ಕ್ಯಾನ್ಸರ್ ಆಗಿದ್ದ 69 ಮಂದಿಯನ್ನು ಐದು ವರ್ಷ ಗಮನಿಸಿ, 'ಹೋರಾಟದ ಕೆಚ್ಚು' ತೋರಿದವರಿಗೆ ಫಲ ಚೆನ್ನಾಗಿತ್ತೆಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ತಮ್ಮ ರೋಗವನ್ನೇ ಒಪ್ಪದೆ ಅಲ್ಲಗಳೆದವರಿಗೂ ಹಾಗೆಯೇ ಆಯಿತೆಂದು ಅದೇ ಲೇಖನದಲ್ಲಿತ್ತು. ಅದನ್ನು ಮಾತ್ರ ಯಾರೂ ಉಪದೇಶಿಸಲಿಲ್ಲ! ಇಪ್ಪತ್ತು ವರ್ಷಗಳ ತರುವಾಯ, 1999ರಲ್ಲಿ, ಅದೇ ಗ್ರೀರ್ ಸೇರಿದ್ದ ತಂಡವೊಂದು 578 ಮಂದಿಯ ಅಧ್ಯಯನವನ್ನು ಪ್ರಕಟಿಸಿತು. ಕೆಚ್ಚಿಗೂ ಆಯುಸ್ಸಿಗೂ ನಂಟು ಕಾಣಲಿಲ್ಲ. ತೀರ ಹತಾಶರಾದವರಿಗೆ ಕೇಡು ಒಂದಿಷ್ಟು ಹೆಚ್ಚಿತ್ತು, ನಿಜ. ಆದರೆ ಹತಾಶೆಗೆ ಬೇಕಾದುದು ಚಿಕಿತ್ಸೆ, ಬುದ್ಧಿವಾದವಲ್ಲ.

ಬಲವಂತದ ಧೈರ್ಯ ಬರಿಯ ಬೇಸರದ ವಿಷಯವಲ್ಲ, ಅಪಾಯದ್ದು. ಕೀಮೋ ಕೊಟ್ಟ ಒಂದೆರಡು ವಾರಗಳಲ್ಲಿ ಬಿಳಿಯ ರಕ್ತಕಣಗಳು ಕುಸಿಯುತ್ತವೆ. ಆಗ ಜ್ವರ ಬಂದರೆ ನಡುರಾತ್ರಿಯಾದರೂ ಸರಿ, ಆಸ್ಪತ್ರೆಗೆ ಓಡಬೇಕು. "ನಮ್ಮಮ್ಮ ಒಂದು ದಿನವೂ ನರಳಲಿಲ್ಲ" ಎಂದು ಹೊಗಳಿಸಿಕೊಂಡ ಅಮ್ಮ ಏನು ಮಾಡುತ್ತಾಳೆ? ಮಕ್ಕಳ ನಿದ್ದೆ ಕೆಡಿಸುವುದೇಕೆಂದು ಕಂಬಳಿ ಹೊದ್ದು, ನಡುಗುತ್ತ, ಬೆಳಗಾಗುವುದನ್ನು ಕಾಯುತ್ತಾಳೆ.

ಕೂದಲಿನ ಮಾತೂ ಅಷ್ಟೆ. ಅನೇಕ ಔಷಧಿಗಳಲ್ಲಿ ಎರಡು ಮೂರು ವಾರಕ್ಕೆ ಅದು ಹಿಡಿಹಿಡಿಯಾಗಿ ಕಿತ್ತು ಬರುತ್ತದೆ. "ಮತ್ತೆ ಬೆಳೆಯುತ್ತದೆ ಬಿಡಿ" ಎನ್ನುತ್ತೇವೆ. ಸಾಮಾನ್ಯವಾಗಿ ಬೆಳೆಯುತ್ತದೆ, ಸರಿ. ಆದರೆ ಗಂಡ ಸತ್ತವಳ ತಲೆ ಬೋಳಿಸುತ್ತಿದ್ದ ಮನೆತನಗಳು ನಮ್ಮವು. ಕನ್ನಡಿಯಲ್ಲಿ ಕೆಂಪು ಸೀರೆಯ ಮುತ್ತಜ್ಜಿಯನ್ನು ಕಂಡಂತಾಗಿ ಬೆಚ್ಚುವವಳು ಅಳುವುದಕ್ಕೂ ನಮ್ಮ ಅಪ್ಪಣೆ ಬೇಕೆ?

ಅಳಲು ಬಿಟ್ಟರೆ ಏನಾಗುತ್ತದೆಂಬುದಕ್ಕೂ ಆಧಾರವಿದೆ. ರೋಗ ದೇಹದಲ್ಲೆಲ್ಲ ಹರಡಿದ್ದ 235 ಮಂದಿಯನ್ನು ಕುರಿತು ಕೆನಡಾದ ವೈದ್ಯೆ ಪಮೇಲಾ ಗುಡ್‌ವಿನ್ ಮತ್ತು ಸಂಗಡಿಗರು 2001ರಲ್ಲಿ ವರದಿ ಮಾಡಿದರು. ಅವರಲ್ಲಿ ವಾರವಾರವೂ ಒಟ್ಟಿಗೆ ಕುಳಿತು, ಭಯವನ್ನು ಮುಚ್ಚಿಡದೆ ಮಾತಾಡಿದವರ ಆಯುಸ್ಸೇನೂ ಬೆಳೆಯಲಿಲ್ಲ. ಆದರೆ ಮನಸ್ಸಿನ ಸಂಕಟ ಇಳಿಯಿತು, ನೋವಿನ ಕಾಟ ಕಡಮೆಯಾಯಿತು. ಇದೇನು ಸಣ್ಣ ಲಾಭವೆ?

ಸ್ಥೈರ್ಯವೆಂಬುದು ರೋಗಿಯ ಎದೆಯೊಳಗಿನಿಂದಲೇ ಉಕ್ಕಿ ಬರಬೇಕೆಂದು ಕೂರುವವರು ಕೆಲವು ಲೆಕ್ಕಗಳನ್ನು ಕೇಳುವುದೇ ಇಲ್ಲ. ಮೂರು ವಾರಕ್ಕೊಮ್ಮೆ ಅವಳ ಜತೆ ಆಸ್ಪತ್ರೆಗೆ ಹೋಗುವವರು ಯಾರು? ಅಂದು ರಾತ್ರಿ ಒಲೆ ಹಚ್ಚುವವರು ಯಾರು? ರಜೆ ಮುಗಿದ ಮೇಲೆ ಸಂಬಳದ ಗತಿಯೇನು? ಈ ಮಾತು ಬಂದೊಡನೆ ನೆಂಟರು ಗಡಿಯಾರ ನೋಡುತ್ತಾರೆ.